ಗಾಳಿ ಹೊರುವ ಭಾರ

ರಾತ್ರಿ ನಿಲ್ಲಿಸಿದಾಗ ಸಮತಲವಾಗಿದ್ದ ಹಳೆಯ ಕ್ಯಾಡಿಲ್ಯಾಕ್ ಕಾರೊಂದು ಬೆಳಗಾಗುವಷ್ಟರಲ್ಲಿ ಹಿಂಬದಿಯನ್ನು ನೆಲದತ್ತ ಕುಗ್ಗಿಸಿಕೊಂಡು ನಿಂತಿರುವುದನ್ನು ಕಂಡಾಗ ಅದರ ಒಡೆಯನು ಮೊದಲು ಸ್ಪ್ರಿಂಗನ್ನೇ ಶಂಕಿಸುವುದು ಸಹಜವಾದರೂ, ಒಂದೇ ಇರುಳಿನಲ್ಲಿ ಉಂಟಾಗುವ ಇಂತಹ ಕುಸಿತಕ್ಕೆ ಉಕ್ಕಿನ ದೌರ್ಬಲ್ಯ ಕಾರಣವಾಗುವುದು ವಿರಳ. ಬಹುತೇಕ ಅದು ಹಿಂದಿನ ಗಾಳಿ ಶಾಕ್ ಅಬ್ಸಾರ್ಬರುಗಳಿಂದ ಗಾಳಿ ಮೆಲ್ಲಮೆಲ್ಲನೆ ಸೋರಿಹೋದುದರ ಫಲ.

ಕ್ಯಾಡಿಲ್ಯಾಕ್ ಸಂಸ್ಥೆ 1957ರ ಎಲ್ಡೊರಾಡೊ ಬ್ರೂಮ್ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗುಗಳನ್ನೇ ತ್ಯಜಿಸಿ, ನಾಲ್ಕು ಚಕ್ರಗಳನ್ನೂ ಗಾಳಿಗೆ ಒಪ್ಪಿಸಿತ್ತು. ಸೋರಿಕೆಯ ಉಪದ್ರವದಿಂದ ಬೇಸತ್ತು ಅದರ ಒಡೆಯರಲ್ಲಿ ಅನೇಕರು ಮರಳಿ ಸುರುಳಿ ಸ್ಪ್ರಿಂಗುಗಳನ್ನೇ ಹಾಕಿಸಿಕೊಂಡರು. 1965ರ ಮಾದರಿಗಳಲ್ಲಿ ಬಂದ ಸ್ವಯಂಚಾಲಿತ ಸಮತಲ ವ್ಯವಸ್ಥೆ ಹೆಚ್ಚು ವಿವೇಕಯುತವಾದುದು: ಇಲ್ಲಿ ಭಾರ ಹೊರುವ ಮುಖ್ಯ ಕಾರ್ಯವನ್ನು ಸ್ಪ್ರಿಂಗಿಗೇ ಬಿಟ್ಟು, ಹಿಂದಿನ ಆಸನದಲ್ಲಿ ಮಂದಿ ಕುಳಿತಾಗಲೂ ಡಿಕ್ಕಿ ತುಂಬಿದಾಗಲೂ ತಗ್ಗುವ ಅಂತರವನ್ನು ಮಾತ್ರ ಗಾಳಿ ಸರಿದೂಗಿಸುತ್ತದೆ. ಸಾಮಾನ್ಯ ಶಾಕಿನ ಹೊರಮೈಗೆ ರಬ್ಬರಿನ ತೋಳೊಂದನ್ನು ತೊಡಿಸಿದರೆ ನಡುವೆ ಏರ್ಪಡುವ ಅವಕಾಶವೇ ಗಾಳಿಯ ಕೋಶ. ಎತ್ತರವನ್ನು ಗ್ರಹಿಸುವ ಸಾಧನವೊಂದು ಆವಶ್ಯಕತೆಗೆ ತಕ್ಕಂತೆ ಅದರೊಳಕ್ಕೆ ಕಂಪ್ರೆಸರಿನಿಂದ ಗಾಳಿಯನ್ನು ತುಂಬಿಸುತ್ತದೆ, ಹೊರಬಿಡಿಸುತ್ತದೆ.

ವರ್ಷಗಳು ಕಳೆದಂತೆ ಈ ರಬ್ಬರು ಮಡಿಕೆಯ ಜಾಗದಲ್ಲಿ ಬಿರಿಯುತ್ತದೆ. ಸೋರಿದಷ್ಟನ್ನೂ ತುಂಬಲೆಂದು ಕಂಪ್ರೆಸರು ಪದೇಪದೇ ಓಡಿ ಕಡೆಗೆ ತಾನೂ ಕೆಟ್ಟುಹೋಗುವುದರಿಂದ, ಈ ದೋಷವನ್ನು ಸಹಿಸಿಕೊಂಡು ದಿನ ದೂಡುವುದು ನಷ್ಟದ ದಾರಿ. ಆದರೆ ಶಾಕನ್ನು ಕಳಚುವ ಮುನ್ನ ಕೊಳವೆಯ ಸಂದುಗಳಿಗೆಲ್ಲ ಸಾಬೂನು ನೀರು ಹಚ್ಚಿ ನೋಡಬೇಕು. ಗುಳ್ಳೆ ಏಳುವುದು ಅಲ್ಲಿಯಾದರೆ ಅಲ್ಪ ಬೆಲೆಯ ಓ-ರಿಂಗಿನಲ್ಲಿಯೇ ಕೆಲಸ ಮುಗಿಯಬಹುದು. ಶಾಕಿನ ಮೈಮೇಲೆ ಎಣ್ಣೆ ಒಸರಿದ್ದರೆ ಮಾತ್ರ ಸಂಶಯಕ್ಕೆ ಎಡೆಯಿಲ್ಲ, ಎರಡನ್ನೂ ಜೊತೆಯಾಗಿ ಬದಲಿಸಲೇಬೇಕು.

ಬದಲಿಸುವ ಕಾರ್ಯದಲ್ಲಿ ಕೌಶಲಕ್ಕಿಂತ ಎಚ್ಚರ ದೊಡ್ಡದು. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಗಾಳಿಯನ್ನು ಪೂರ್ತಿ ಹೊರಬಿಟ್ಟಾದ ಮೇಲೆಯೇ ಕೊಳವೆಗೆ ಕೈಹಚ್ಚುವುದು ಯುಕ್ತ. ಚಕ್ರವು ಕೆಳಗೆ ಜೋಲುವ ಮಿತಿಯನ್ನು ಅನೇಕ ಕಾರುಗಳಲ್ಲಿ ಶಾಕೇ ಕಟ್ಟಿಹಿಡಿದಿರುವುದರಿಂದ, ಅಚ್ಚಿಗೆ ಬೇರೆ ಜಾಕಿನ ಆಸರೆ ಕೊಡದೆ ಬೋಲ್ಟು ಬಿಚ್ಚಿದರೆ ಅದುಮಿಟ್ಟ ಸ್ಪ್ರಿಂಗು ಸಿಡಿದು ಹೊರಬೀಳುವ ಅಪಾಯವುಂಟು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರುವುದು ಲೇಸು. ಹೊಸ ಕೊಳವೆಯು ಸೈಲೆನ್ಸರಿನ ಬಿಸಿಗೆ ತಾಗದಂತೆ ಸಾಗಲಿ. ರಬ್ಬರು ಬುಷ್ಷಿನ ಬೋಲ್ಟುಗಳ ಕಡೆಯ ಬಿಗಿತವನ್ನು ಕಾರಿನ ಭಾರ ಚಕ್ರಗಳ ಮೇಲೆ ಕುಳಿತ ತರುವಾಯ ಕೊಡಬೇಕು, ಇಲ್ಲವಾದರೆ ಬುಷ್ಷು ಸದಾ ತಿರುಚಿಕೊಂಡಿದ್ದು ಬೇಗನೆ ಹರಿಯುತ್ತದೆ.

ಕೈಯಿಂದ ಗಾಳಿ ತುಂಬುವ ಬಗೆಯ ಶಾಕುಗಳಲ್ಲಿ ಚದರ ಅಂಗುಲಕ್ಕೆ ಸುಮಾರು 20 ಪೌಂಡಿನಷ್ಟು ಒತ್ತಡವಾದರೂ ಯಾವಾಗಲೂ ಇರಬೇಕು. ಬರಿದಾದ ತೋಳು ಮಡಿಚಿ ಸಿಕ್ಕಿಕೊಂಡು ಹರಿಯುತ್ತದೆ. ಹಾಗೆಂದು ಕಾರಿನ ಹಿಂಭಾಗವನ್ನು ಎತ್ತರಿಸಿ ಮೆರೆಯಿಸಲು ಗಾಳಿಯನ್ನು ಅತಿಯಾಗಿ ತುಂಬುವವರನ್ನು ನಾನು ಒಪ್ಪಲಾರೆ. ಶಾಕನ್ನು ಹಿಡಿದಿರುವ ಕಬ್ಬಿಣದ ಗೂಡುಗಳು ಕುಲುಕಾಟವನ್ನು ತಡೆಯಲು ರಚಿತವಾದುವೇ ಹೊರತು ಕಾರಿನ ಪೂರ್ಣ ಭಾರವನ್ನು ಹೊರಲು ಅಲ್ಲ. ಗಾಳಿಯ ಒತ್ತಡ ಎಷ್ಟೇ ಏರಿದರೂ ತಯಾರಕರು ಕಾರಿಗೆ ಗೊತ್ತುಪಡಿಸಿದ ಗರಿಷ್ಠ ಹೊರೆಯ ಮಿತಿ ಹಿಂದಿದ್ದಷ್ಟೇ ಇರುತ್ತದೆ.