ಕುಡಿತ ಬಿಟ್ಟವನಿಗೆ ಬೇಕಾದ ಕೂಟ

ಬೆಂಗಳೂರಿನ ಕೊಳೆಯನ್ನು ಹೊತ್ತು ತರುವ ವೃಷಭಾವತಿಯು ಬಂದು ನಿಲ್ಲುವ ಬೈರಮಂಗಲದ ಕೆರೆಯ ಆಸುಪಾಸಿನಲ್ಲಿ, ಸೀಮೆಹುಲ್ಲು, ಬೇಬಿಕಾರ್ನ್ ಬೆಳೆದು, ಡೈರಿಗೆ ಹಾಲು ಹಾಕಿ ಜೀವನ ಸಾಗಿಸುವ ಒಕ್ಕಲುಮಕ್ಕಳ ನಡುವೆ ಕುಡಿತವು ಕೇವಲ ನಾಲಗೆಯ ಚಾಪಲ್ಯವಲ್ಲ. ಫಸಲಿನ ಹಣ ಕೈಸೇರಿದ ಸಂಜೆಯ ಹರ್ಷಕ್ಕೂ, ಹಸು ಸತ್ತ ದಿನದ ಸಂಕಟಕ್ಕೂ, ಹಬ್ಬದ ಬಾಡೂಟಕ್ಕೂ ಜೊತೆಗಾರರನ್ನು ಒದಗಿಸುವುದು ಅದೇ. ಆದಕಾರಣ ಕುಡಿತವನ್ನು ತ್ಯಜಿಸಿದವನು ಗೆಳೆಯರನ್ನೂ ಏಕಕಾಲದಲ್ಲಿ ಕಳೆದುಕೊಳ್ಳುತ್ತಾನೆ. ಮದುವೆಯೂಟ ಮುಗಿದೊಡನೆ ನಾಲ್ವರು ತೋಪಿನ ಕಡೆಗೆ ಹೊರಡುವರು. ಇವನೊಬ್ಬನೇ ಚಪ್ಪರದ ಕೆಳಗೆ ಉಳಿಯುವನು. “ಬಾರ್ಲಾ, ಇವತ್ತೊಂದಿನಕ್ಕೆ ಏನಾಯ್ತದೆ?” ಎಂಬ ಆ ಕರೆಯಲ್ಲಿ ದ್ವೇಷವಿಲ್ಲ, ಪ್ರೀತಿಯೇ ಇದೆ; ಆದುದರಿಂದಲೇ ಅದನ್ನು ನಿರಾಕರಿಸುವುದು ಕಠಿಣ.

2007ರಲ್ಲಿ ಈ ಕೆರೆಯಿರುವ ರಾಮನಗರ ಸೀಮೆಯು ಜಿಲ್ಲೆಯಾಯಿತು. ಅದೇ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವೂ ಜಾರಿಗೆ ಬಂದಿತು. ಪ್ಯಾಕೆಟ್ ಹೋಯಿತು, ಕ್ವಾರ್ಟರ್ ಬಾಟಲಿ ಉಳಿಯಿತು. ಅಂಗಡಿಯನ್ನು ಮುಚ್ಚಿಸಬಲ್ಲ ಶಾಸನವು ಸಂಗಾತಿಯನ್ನು ಒದಗಿಸಲಾರದು.

ಮೊದಲು ದೇಹದ ಮಾತು. ಬಹುಕಾಲ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳುವುವು. ಕೆಲವರಿಗೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬಂದು, ತರುವಾಯ ಬುದ್ಧಿಭ್ರಮಣೆಯುಂಟಾಗಿ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಇದು ವೈದ್ಯರ ನಿಗಾದಲ್ಲಿಯೇ ಆಗತಕ್ಕ ಕಾರ್ಯ.

ದೇಹ ಸುಧಾರಿಸಿದ ಮೇಲಿನ ದಾರಿಯೇ ದೀರ್ಘವಾದುದು. 1935ರಲ್ಲಿ ಅಮೆರಿಕದ ಏಕ್ರನ್ ನಗರಕ್ಕೆ ವ್ಯವಹಾರಾರ್ಥವಾಗಿ ಬಂದಿದ್ದ ಬಿಲ್ ವಿಲ್ಸನ್, ಮತ್ತೆ ಕುಡಿದುಬಿಡುವೆನೆಂಬ ಭಯದಿಂದ, ತನ್ನಂತೆಯೇ ನೊಂದ ಇನ್ನೊಬ್ಬನನ್ನು ಹುಡುಕಿ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೊಡನೆ ಗಂಟೆಗಟ್ಟಲೆ ಮಾತನಾಡಿದನು. ಆ ಸಂಭಾಷಣೆಯಿಂದಲೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಜನ್ಮತಾಳಿತು. ಅಲ್ಲಿ ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ, ಸದಸ್ಯರ ಹೆಸರು ಗೋಪ್ಯ. ನಗರಕ್ಕೆ ಇದು ಒಪ್ಪುತ್ತದೆ. ಆದರೆ ಯಾರ ಮನೆಯ ಹಸು ಎಷ್ಟು ಹಾಲು ಕೊಟ್ಟಿತೆಂಬುದೂ ಬಹಿರಂಗವಾಗಿರುವ ಹಳ್ಳಿಯಲ್ಲಿ ಗೋಪ್ಯತೆಯೆಲ್ಲಿ?

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಜಾಗೃತಿ ವೇದಿಕೆಯ ಮುಖಾಂತರ ರಾಜ್ಯದ ಊರೂರುಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರವು ಈ ಗೋಪ್ಯತೆಗೆ ವಿಪರೀತವಾದ ಮಾರ್ಗವನ್ನು ಹಿಡಿದಿದೆ. ಸಮುದಾಯ ಭವನದಲ್ಲಿಯೋ ಕಲ್ಯಾಣ ಮಂಟಪದಲ್ಲಿಯೋ ಶಿಬಿರಾರ್ಥಿಗಳು ಒಟ್ಟಿಗೆ ಉಂಡು, ಮಲಗಿ, ಚಿಕಿತ್ಸೆ ಪಡೆಯುತ್ತಾರೆ. ಮಡದಿ ಮಕ್ಕಳು ಬರುತ್ತಾರೆ. ಊರಿನೆದುರಿಗೇ ಸಂಕಲ್ಪ ನಡೆಯುತ್ತದೆ. ಬಿಟ್ಟವರು ನವಜೀವನ ಸಮಿತಿಯಾಗಿ ಮತ್ತೆ ಮತ್ತೆ ಸೇರುತ್ತಾರೆ. ನೂರು ದಿನ ಪೂರೈಸಿದವರಿಗೆ ಶತದಿನೋತ್ಸವ.

ಈ ಬಹಿರಂಗತೆಯಲ್ಲಿ ಬಲವಿರುವಂತೆಯೇ ಅಪಾಯವೂ ಇದೆ. ಊರಿನೆದುರು ಮಾತು ಕೊಟ್ಟವನು ಜಾರಿದರೆ ಅವನ ನಾಚಿಕೆ ಇಮ್ಮಡಿಯಾಗುವುದು. ಆ ನಾಚಿಕೆಯೇ ಅವನನ್ನು ಪುನಃ ಬಾರಿನ ಬಾಗಿಲಿಗೆ ಕರೆದೊಯ್ಯುವುದು. ಮರುಕಳಿಸುವುದು ಈ ವ್ಯಾಧಿಯ ಸ್ವಭಾವ. ಜಾರಿದವನಿಗೂ ಚಾಪೆ ಹಾಸದ ಕೂಟವು, ನನ್ನ ಅಭಿಪ್ರಾಯದಲ್ಲಿ, ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಓದುಗರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ನಿಮ್ಮೂರಿನಲ್ಲಿ ಒಬ್ಬನು ಬಿಟ್ಟಿದ್ದರೆ ಅವನನ್ನು ಹಬ್ಬದ ವಂತಿಗೆಯ ಲೆಕ್ಕಕ್ಕೆ, ಡೈರಿಯ ಸಭೆಗೆ ಕರೆಯಿರಿ, “ಎಷ್ಟು ದಿನವೋ ನೋಡೋಣ” ಎಂಬ ಮಾತನ್ನು ಆಡದಿರಿ. ಹತ್ತಿರದಲ್ಲಿ ಯಾರೂ ಇಲ್ಲದವರು ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಕರೆ ಮಾಡಬಹುದು.