ಶನಿವಾರದ ಅತಿಥಿಗಳು

ವಿದ್ಯಾರ್ಜನೆಗಾಗಿ ದೇಶಾಂತರಕ್ಕೆ ಹೋಗುವ ಪದ್ಧತಿ ಇಂದಿನದಲ್ಲ. ಏಳನೆಯ ಶತಮಾನದಲ್ಲಿ ಚೀನಾದ ಹ್ಯೂಯೆನ್‌ತ್ಸಾಂಗನು ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿ ಬಂದು ನಾಲಂದಾದಲ್ಲಿ ಕಲಿತನು. 1936ರಲ್ಲಿ ನಮ್ಮ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋದರು. ನಮ್ಮವರು ಹೊರಗೆ ಹೋಗುವಂತೆ ಹೊರಗಿನವರೂ ನಮ್ಮಲ್ಲಿಗೆ ಬರುತ್ತಾರೆ. 1950ರಲ್ಲಿ ಸ್ಥಾಪಿತವಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನ ಪಡೆದೋ, ಸ್ವಂತ ಖರ್ಚಿನಿಂದಲೋ ಆಫ್ರಿಕ ಮತ್ತು ಏಷ್ಯ ಖಂಡಗಳ ಅನೇಕ ತರುಣ ತರುಣಿಯರು ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ.

ಇಂಥವರಿಗೆ ಪಾಠದ ದಿನಗಳಿಗಿಂತ ರಜೆಯ ದಿನಗಳೇ ಕಷ್ಟದವು ಎಂದರೆ ನಿಮಗೆ ಆಶ್ಚರ್ಯವಾದೀತು. ಶನಿವಾರ ಬಂದೊಡನೆ ನೆರೆಯೂರುಗಳ ವಿದ್ಯಾರ್ಥಿಗಳು ಬಟ್ಟೆಯ ಚೀಲ ಹೆಗಲಿಗೇರಿಸಿ ತಮ್ಮ ತಮ್ಮ ಮನೆಗಳಿಗೆ ಹೊರಟುಬಿಡುತ್ತಾರೆ. ವಸತಿಗೃಹ ಬರಿದಾಗುತ್ತದೆ. ಉಳಿದವನು ಒಬ್ಬನೇ ಉಣ್ಣಬೇಕು. ಆಗ ಸಹಪಾಠಿಗಳಿಬ್ಬರು ‘ನಮ್ಮ ಜೊತೆ ಬಾ’ ಎಂದು ಕರೆದರೆ, ಎರಡು ದಿನದ ಆ ಪುಟ್ಟ ಪ್ರವಾಸ ಅವನ ಪಾಲಿಗೆ ಸಣ್ಣ ಸಂಗತಿಯಲ್ಲ.

ಹುಬ್ಬಳ್ಳಿ ಧಾರವಾಡಗಳಿಂದ ಹೊರಡುವ ಇಂಥ ತಂಡಗಳಿಗೆ ನಮ್ಮ ಕೊಪ್ಪಳದ ಸೀಮೆ ಅನುಕೂಲವಾದುದು. ರೈಲಿನ ಮೂರನೆಯ ದರ್ಜೆ ಈಗಿಲ್ಲ. ಆದರೆ ಪ್ಯಾಸೆಂಜರ್ ಗಾಡಿ ವಿದ್ಯಾರ್ಥಿಯ ಕಿಸೆಗೆ ಇಂದಿಗೂ ಭಾರವಲ್ಲ. ಕೊಪ್ಪಳ ದಾಟಿ ಗಿಣಿಗೇರಾಕ್ಕೆ ಬಂದರೆ ರೈಲುದಾರಿ ಕವಲೊಡೆಯುತ್ತದೆ. ಒಂದು ಮುನಿರಾಬಾದಿನ ಮೂಲಕ ಹೊಸಪೇಟೆಗೆ ಹೋಗುತ್ತದೆ. ಹೊಸದಾದ ಇನ್ನೊಂದು ಗಂಗಾವತಿ, ಕಾರಟಗಿಗಳನ್ನು ಹಾದು ಸಿಂಧನೂರಿಗೆ ಸಾಗುತ್ತದೆ. ಹಂಪೆಯನ್ನು ನೋಡಲು ಎಲ್ಲರೂ ಹೋಗುತ್ತಾರೆ. ಗಂಗಾವತಿಗೆ ಸುಮಾರು 10 ಕಿಲೋಮೀಟರು ದೂರದ ಹಿರೇಬೆಣಕಲ್ಲಿಗೆ ಹೋಗುವವರು ವಿರಳ. ಅಲ್ಲಿಯ ಮೊರೇರ ಬೆಟ್ಟದ ಮೇಲೆ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಶಿಲಾಸಮಾಧಿಗಳು ಸುಮಾರು 400 ಇವೆ. ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯೂ ಉಂಟು. 2021ರಲ್ಲಿ ಈ ತಾಣ ಯುನೆಸ್ಕೊ ಸಂಸ್ಥೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕೊರಿಯಾದಿಂದ ಬಂದವನು ಇದನ್ನು ಕಂಡರೆ ಗೋಚಾಂಗಿನ ಸಮಾಧಿಗಳನ್ನು ನೆನೆದಾನು. ಗ್ಯಾಂಬಿಯಾ, ಸೆನೆಗಲ್‌ಗಳವನಿಗೆ ತನ್ನ ನಾಡಿನ ಸಮಾಧಿಸ್ಥಳಗಳ ಶಿಲಾವೃತ್ತಗಳು ನೆನಪಾದಾವು. ಕರೆತಂದ ಕನ್ನಡದ ಗೆಳೆಯರೇ ಅನೇಕ ವೇಳೆ ಈ ಬೆಟ್ಟವನ್ನು ಮೊದಲ ಸಲ ಏರುತ್ತಿರುತ್ತಾರೆ!

ಒಂದು ಭಾನುವಾರ ಗಿಣಿಗೇರಾದ ಖಾನಾವಳಿಯೊಂದರಲ್ಲಿ ಇಂಥದೇ ತಂಡವನ್ನು ನಾನು ಕಂಡೆ. ಬೆಟ್ಟ ಹತ್ತಿಳಿದು ಬಸ್ಸಿನಲ್ಲಿ ಬಂದು, ಸಂಜೆಯ ರೈಲಿಗಾಗಿ ಕಾಯುತ್ತಿದ್ದರು. ನಾಲ್ವರಲ್ಲಿ ಒಬ್ಬನು ಸುಡಾನಿನವನು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾದ ಮೇಲೆ ಅವನು ಮನೆಗೆ ಹೋಗಿರಲಿಲ್ಲ. ಎಲೆಯ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಂದವು. ಅವನು ರೊಟ್ಟಿಯ ಚೂರೊಂದನ್ನು ಮುರಿದು ಮೂಸಿ ನೋಡಿ, ಇದು ಯಾವ ಕಾಳು ಎಂದು ಗೆಳೆಯರನ್ನು ಕೇಳಿದನು. ಜೋಳವೆಂದು ತಿಳಿದಾಗ ಅವನ ಮುಖ ಅರಳಿತು. ತನ್ನ ತಾಯಿ ಇದೇ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ‘ಕಿಸ್ರಾ’ ಮಾಡುವಳೆಂದು ಕೈಸನ್ನೆಯಿಂದ ತೋರಿಸಿದನು.

ಅವನ ಮಾತಿನ ಹಿಂದೆ ದೊಡ್ಡದೊಂದು ಕಥೆಯಿದೆ. ನಾವು ನಮ್ಮದೇ ಎಂದು ಭಾವಿಸುವ ಜೋಳ ಮೂಲತಃ ಆಫ್ರಿಕದ ಬೆಳೆ. ಪೂರ್ವ ಸುಡಾನಿನಲ್ಲಿ ದೊರೆತ ಹಳೆಯ ಮಡಕೆಯ ಚೂರುಗಳಲ್ಲಿ ಉಳಿದಿರುವ ಕಾಳಿನ ಅಚ್ಚುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅಲ್ಲಿ ಐದು ಸಾವಿರ ವರ್ಷಗಳ ಹಿಂದೆಯೇ ಜೋಳದ ಬೇಸಾಯವಿತ್ತೆಂದು ಹೇಳಿದ್ದಾರೆ. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕವೇ. ಕಡಲು ದಾಟಿ ಬಂದ ಆ ಕಾಳುಗಳು ನಮ್ಮ ಎರೆಹೊಲ ಕೆಂಪುಹೊಲಗಳಲ್ಲಿ ಬೇರೂರಿ ಎಷ್ಟೋ ತಲೆಮಾರುಗಳಾದವು.

ಕನ್ನಡದ ಹುಡುಗನೊಬ್ಬನು ಅವನ ಮಾತನ್ನು ರೊಟ್ಟಿ ಬಡಿಯುತ್ತಿದ್ದ ತಾಯಿಗೆ ತಿಳಿಸಿದನು. ಆಕೆ ಅವನ ಕಡೆ ಒಮ್ಮೆ ನೋಡಿ, “ಯಪ್ಪಾ, ಇನ್ನೊಂದು ಬಿಸಿ ರೊಟ್ಟಿ ಹಾಕ್ಲೇನು?” ಎಂದಳು. ಭಾಷೆ ತಿಳಿಯದ ಅವನು ಎಲೆಯನ್ನು ಮುಂದಕ್ಕೆ ಸರಿಸಿದನು.