ದೊಡ್ಡ ಬೆಕ್ಕಿಗೂ ಬೇಕು ಒಂದು ಮನೆ

ಯಜಮಾನರು ಆಫೀಸಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ. ‘ಒಂದು ಬೆಕ್ಕಾದರೂ ಇದ್ದಿದ್ದರೆ’ ಅಂತ ನಿಮಗೂ ಅನಿಸಿದೆಯೇ? ಹುಡುಕಲು ಹೊರಟರೆ ಎಲ್ಲರ ಕಣ್ಣೂ ಎರಡು ತಿಂಗಳ ಮುದ್ದು ಮರಿಯ ಮೇಲೆಯೇ. ‘ದೊಡ್ಡ ಬೆಕ್ಕಾ? ಅಯ್ಯೋ, ಅದೆಲ್ಲಿ ಹೊಂದ್ಕೊಳ್ಳುತ್ತೆ ಬಿಡ್ರೀ’ ಅನ್ನುವವರೇ ಹೆಚ್ಚು. ಹಾಗಾಗಿ ಮರಿಗಳಿಗೆ ಬೇಗ ಮನೆ ಸಿಗುತ್ತದೆ, ದೊಡ್ಡವು ಕಾಯುತ್ತಲೇ ಇರುತ್ತವೆ.

ಕನಕಪುರ ರಸ್ತೆಯ ತಲಘಟ್ಟಪುರವನ್ನೇ ನೋಡಿ. 2021ರಲ್ಲಿ ಇಲ್ಲಿಗೆ ಮೆಟ್ರೊ ಬಂತು. ಹಳ್ಳಿಯಂತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಇಂಥ ಬಡಾವಣೆಗಳಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರು ಟಿ.ವಿ., ಫ್ರಿಜ್ ಒಯ್ಯುತ್ತಾರೆ, ಕೆಲವರು ಬೆಕ್ಕನ್ನು ಮಾತ್ರ ಮೆಟ್ಟಿಲ ಮೇಲೆ ಬಿಟ್ಟು ಹೋಗುತ್ತಾರೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಇವನ್ನು ಎತ್ತಿ ತಂದು ಆರೈಕೆ ಮಾಡುವವರು ಸ್ವಯಂಸೇವಕರು. 1991ರಲ್ಲಿ ಶುರುವಾದ ಕ್ಯೂಪಾದಂಥ ಸಂಸ್ಥೆಗಳಲ್ಲದೆ, ಸ್ವಂತ ಮನೆಯ ಕೋಣೆಯಲ್ಲೇ ಬೆಕ್ಕುಗಳನ್ನು ಇಟ್ಟುಕೊಂಡಿರುವ ಗೃಹಿಣಿಯರೂ ಇದ್ದಾರೆ.

ದೊಡ್ಡದಾದರೇನು ಲಾಭ?

ಮರಿ ಮುಂದೆ ಹೇಗಾಗುತ್ತದೋ ಗೊತ್ತಿಲ್ಲ. ದೊಡ್ಡ ಬೆಕ್ಕಿನ ಸ್ವಭಾವ ಮೊದಲೇ ಗೊತ್ತಿರುತ್ತದೆ. ಮಕ್ಕಳನ್ನು ಕಂಡರೆ ಆಗುತ್ತದೆಯೇ, ಮಡಿಲಿಗೆ ಬರುತ್ತದೆಯೇ ಎಂದು ಸಾಕುತ್ತಿರುವವರೇ ಹೇಳುತ್ತಾರೆ. ಪರದೆ ಹರಿಯುವ, ರಾತ್ರಿಯೆಲ್ಲ ಕುಣಿಯುವ ಕಾಟವೂ ಕಡಿಮೆ. ಮನೆಯೊಳಗೇ ಇರುವ ಬೆಕ್ಕು 12ರಿಂದ 15 ವರ್ಷ ಬದುಕಬಲ್ಲದು. ಹಾಗಿರುವಾಗ ಮೂರು ವರ್ಷದ್ದು ಮುದಿಯೇನಲ್ಲ.

ಪ್ರಶ್ನೆ ಕೇಳಿದರೆ ಬೇಸರ ಬೇಡ

ಮನೆಯ ಮಾಲೀಕರು ಒಪ್ಪಿದ್ದಾರಾ? ಬಾಲ್ಕನಿಗೆ ಜಾಲರಿ ಇದೆಯಾ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಸ್ವಯಂಸೇವಕರು ಇಷ್ಟೆಲ್ಲ ಕೇಳಿದಾಗ ‘ಇದೇನು ಹೆಣ್ಣು ನೋಡೋ ಶಾಸ್ತ್ರಾನಾ’ ಅನಿಸಬಹುದು. ಆದರೆ ಒಮ್ಮೆ ಮನೆ ಕಳೆದುಕೊಂಡ ಬೆಕ್ಕು ಮತ್ತೆ ವಾಪಸ್ ಬರಬಾರದು ಎಂಬುದೇ ಅವರ ಕಾಳಜಿ. ಅತ್ತೆಯವರಿಗೆ ಇಷ್ಟವಿಲ್ಲದಿದ್ದರೆ ಮೊದಲು ಆ ಮಾತು ಮುಗಿಸಿಕೊಂಡು ಹೋಗಿ.

ನೀವೂ ಕೇಳಿ: ಸಂತಾನಹರಣ ಚಿಕಿತ್ಸೆ ಆಗಿದೆಯೇ? ರೇಬೀಸ್ ಮತ್ತು ಬೆಕ್ಕುಗಳ ತ್ರಿವಳಿ ಲಸಿಕೆ ಯಾವಾಗ ಹಾಕಿಸಿದ್ದು? ಲಸಿಕೆಯ ಕಾರ್ಡ್ ಪಡೆಯಲು ಮರೆಯಬೇಡಿ.

ಮೊದಲ ದಿನಗಳು

ತಂದ ಕೂಡಲೇ ಇಡೀ ಮನೆ ತೋರಿಸಬೇಡಿ. ಒಂದೇ ಕೋಣೆಯಲ್ಲಿ ನೀರು, ಊಟ, ಮರಳಿನ ಟ್ರೇ ಮತ್ತು ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇಡಿ. ಮಂಚದಡಿ ಸೇರಿಕೊಂಡರೆ ಎಳೆಯಬೇಡಿ, ಮಕ್ಕಳಿಗೂ ತಿಳಿಹೇಳಿ. ಭಯ ಕಡಿಮೆಯಾಗಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ‘ಇದು ನನ್ನ ಮನೆ’ ಅನಿಸಲು ಮೂರು ತಿಂಗಳು ಎಂಬುದು ಬಲ್ಲವರ ಲೆಕ್ಕ. ಬಾಗಿಲು ತೆರೆದಿದ್ದರೆ ಹಳೇ ಜಾಗ ಹುಡುಕಿಕೊಂಡು ಓಡಬಹುದು, ಜೋಪಾನ. ಒಂದಿಡೀ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿಗೇ ಅಪಾಯ.

ಅಡುಗೆಮನೆಯ ಮಾತು

‘ನಮ್ಮನೇಲಿ ಮೊಸರನ್ನವೇ ಗತಿ’ ಅನ್ನುವವರು ಇಲ್ಲಿ ಸ್ವಲ್ಪ ಯೋಚಿಸಿ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಸತ್ವ ಮಾಂಸ, ಮೀನಿನಲ್ಲಷ್ಟೇ ಸಾಕಷ್ಟು ಸಿಗುತ್ತದೆ. ಅದಿಲ್ಲದೆ ಕಣ್ಣು, ಹೃದಯ ಹಾಳಾಗುತ್ತವೆ. ಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ ಅಂಗಡಿಯ ಸಿದ್ಧ ಆಹಾರ ಕೊಡಿ. ಹಾಲು ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಅರಗದು, ಭೇದಿಯಾಗುತ್ತದೆ.

ನೆನಪಿಡಿ

* ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಅಡುಗೆ ಕೊಡಬೇಡಿ.

* ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು.

* ನೆಲಕ್ಕೆ ಫಿನಾಯಿಲ್ ಬೇಡ. ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ.

* ಗಂಡು ಬೆಕ್ಕು ಮೂತ್ರಕ್ಕೆ ತಿಣುಕುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

* ಗರ್ಭಿಣಿಯಾದರೆ ಬೆಕ್ಕನ್ನು ಹೊರಗೆ ಹಾಕಬೇಕಿಲ್ಲ. ಟ್ರೇ ಸ್ವಚ್ಛ ಮಾಡುವ ಕೆಲಸವನ್ನು ಪ್ರತಿದಿನ ಬೇರೆಯವರು ಮಾಡಲಿ.

ಒಂದು ದಿನ ನೀವು ಸೊಪ್ಪು ಬಿಡಿಸುತ್ತಾ ಕೂತಾಗ ಅದು ತಾನಾಗೇ ಬಂದು ಪಕ್ಕದಲ್ಲಿ ಕೂರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ. ಒಮ್ಮೆ ಬಿಟ್ಟು ಹೋದವರನ್ನು ಕಂಡ ಜೀವ ಅದು, ನಂಬಲು ಸ್ವಲ್ಪ ಸಮಯ ಬೇಕು ತಾನೇ?